ನಾರ್ವೆಯ ಚಳಿಗೆ ಹಮ್ರಿಯಾದಲ್ಲಿ ಮುಚ್ಚಿಟ್ಟ ಕಾರು

ಮಸ್ಕತ್ತಿನ ಚಳಿಗಾಲವನ್ನು ಹೊಗಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ನವೆಂಬರ್ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು. ಎಂಥ ಹವೆ, ಎಂಥ ಗಾಳಿ, ವಾದಿಗೆ, ಎಂದರೆ ಬೆಟ್ಟದ ನಡುವಿನ ಹಳ್ಳಕ್ಕೆ ಹೋಗೋಣ, ಬೀಚಿಗೆ ಹೋಗೋಣ, ಕೋಳಿ ಸುಡೋಣ. ಬೇಸಿಗೆಯಲ್ಲಿ ಸ್ಟೀರಿಂಗ್ ಮುಟ್ಟಿದರೆ ಕೈ ಸುಡುವ ಈ ಊರಿನಲ್ಲಿ ಕಾರು ಓಡಿಸಲು ಹೇಳಿಮಾಡಿಸಿದ ಕಾಲ ಇದೊಂದೇ ಎನ್ನುವುದೇನೋ ನಿಜ. ಅಂಥ ಕಾಲದಲ್ಲಿ ನನ್ನ ಭಾವ, ಎಂದರೆ ಗಂಡನ ಅಣ್ಣ, ತನ್ನ ಕೆಂಪು ಸ್ಪೋರ್ಟ್ಸ್ ಕಾರನ್ನು ಹಮ್ರಿಯಾ ಬಡಾವಣೆಯ ನಮ್ಮ ಕಟ್ಟಡದ ಪಕ್ಕದ ಬಯಲಿಗೆ ತಂದು ನಿಲ್ಲಿಸಿ, ಚಳಿಗಾಲ ಮುಗಿಯುವವರೆಗೆ ಇದನ್ನು ಯಾರೂ ಓಡಿಸಬಾರದು ಎಂದು ಹೇಳಿ ಹೋದ.

ಕೆಂಪು ಎಂದು ಬರೆದೆ. ಅದು ಕೆಂಪಲ್ಲ, ಕಿತ್ತಳೆ ಎಂದು ಗಂಡ ಹೇಳುತ್ತಾನೆ. ಸಿಟ್ಟಿನಲ್ಲಿ ನೋಡಿದ್ದರಿಂದ ನನಗೆ ಕೆಂಪಾಗಿ ಕಂಡಿರಬಹುದು. ತಿದ್ದುವುದಿಲ್ಲ.

ಆ ಚಳಿಗಾಲದಲ್ಲಿ ನನಗೆ ಬೇಕಾಗಿದ್ದುದು ಕಾರು ಓಡಿಸುವುದೊಂದೇ. ಮೋಜಿಗಲ್ಲ. ಸೀಬ್ ಕಡೆಯ ಒಂದು ಶಾಲೆಯ ಆಫೀಸಿನಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತ್ತು. ಜನವರಿಯಲ್ಲಿ ಸೇರಬೇಕು. ಅಲ್ಲಿಯವರೆಗೆ ನಾನು ಹಮ್ರಿಯಾದ ಕ್ಲಿನಿಕ್ಕೊಂದರ ರಿಸೆಪ್ಶನ್ನಿನಲ್ಲಿ ಕೂತು ಟೋಕನ್ ಕರೆಯುತ್ತಿದ್ದೆ. ಕರೆದು ಕರೆದು, ನಾನೂ ಬಿ.ಕಾಂ. ಓದಿದವಳು ಎನ್ನುವುದು ನನಗೇ ಮರೆತುಹೋಗುವ ಹಾಗಾಗಿತ್ತು. ಸೀಬಿಗೆ ಹೆದ್ದಾರಿಯಲ್ಲಿ ದೂರ ಹೋಗಬೇಕು. ಸ್ವಂತವಾಗಿ ಕಾರು ಓಡಿಸಿಕೊಂಡು ಬರುವವರಿಗೆ ಮಾತ್ರ ಕೆಲಸ ಎಂದು ಶಾಲೆಯವರು ಮೊದಲೇ ಹೇಳಿದ್ದರು. ಡಿಸೆಂಬರ್ ಮುಗಿಯುವುದರೊಳಗೆ ನಾನು ಹೂಂ ಅಥವಾ ಊಹೂಂ ಹೇಳಬೇಕಿತ್ತು.

ಲೈಸೆನ್ಸ್ ಇತ್ತು. ಆಗಷ್ಟೇ ಸಿಕ್ಕಿದ್ದು, ಅದೂ ಗೇರಿನ ಲೈಸೆನ್ಸ್. ಈ ದೇಶದಲ್ಲಿ ಲೈಸೆನ್ಸಿನಲ್ಲಿ ಎರಡು ಜಾತಿ: ಗೇರಿನದ್ದು, ಆಟೋಮ್ಯಾಟಿಕ್ಕಿನದ್ದು. ಗೇರಿನದ್ದು ಇದ್ದವರು ಎರಡನ್ನೂ ಓಡಿಸಬಹುದು, ಆಟೋಮ್ಯಾಟಿಕ್ ತೆಗೆದವರು ಗೇರಿನ ಕಾರು ಮುಟ್ಟುವಂತಿಲ್ಲ. ನನ್ನ ಗಂಡನದು ಆಟೋಮ್ಯಾಟಿಕ್. ನಾನು ಕಲಿಯಲು ಹೊರಟಾಗ ನಮ್ಮ ಊಟದ ಮೇಜಿನಲ್ಲಿ ಕೂತು ಭಾವ ಹೇಳಿದ್ದ, "ಗೇರಿಲ್ಲದ್ದೂ ಒಂದು ಲೈಸೆನ್ಸಾ ಮಾರಾಯ್ತಿ? ಅದು ಕೈಗಾಡಿ ದೂಡಿದ ಹಾಗೆ. ತಾಕತ್ತಿದ್ರೆ ಗೇರಿಂದು ತೆಗಿ ನೋಡುವ." ಗಂಡ ಜೋರಾಗಿ ನಕ್ಕ. ಆ ಮಾತು ಬಿದ್ದದ್ದು ತನ್ನ ಮೇಲೆಯೇ ಎಂದು ಅವನಿಗೆ ಹೊಳೆಯಲೇ ಇಲ್ಲ. ನಾನು ಹಠಕ್ಕೆ ಬಿದ್ದೆ. ಡ್ರಮ್ಮುಗಳ ನಡುವೆ ರಿವರ್ಸ್ ಹೋಗುವ ಪರೀಕ್ಷೆಯಲ್ಲಿ ಡ್ರಮ್ಮಿಗೆ ಗುದ್ದಿದೆ. ಏರಿನಲ್ಲಿ ಕಾರನ್ನು ಹಿಂದೆ ಜಾರಿಸಿದೆ. ರೋಡ್ ಟೆಸ್ಟಿನಲ್ಲಿ ಪೊಲೀಸ್ ಅಧಿಕಾರಿ ಪಕ್ಕಕ್ಕೆ ನಿಲ್ಲಿಸಲು ಕೈಸನ್ನೆ ಮಾಡಿ ಇಳಿಸಿದ. ಕೊನೆಗೊಮ್ಮೆ ಪಾಸಾದೆ. ಭಾವನಿಗೆ ಸುದ್ದಿ ಹೇಳಿದಾಗ, "ಹೋ, ಕೊಟ್ರಾ?" ಎಂದ. ಬೇಡಿದ್ದಕ್ಕೆ ಯಾರೋ ಹಾಕಿದರು ಎನ್ನುವ ಧ್ವನಿಯಲ್ಲಿ.

ಲೈಸೆನ್ಸ್ ಸಿಕ್ಕಿದರೂ ಗಂಡ ತನ್ನ ಕಾರಿನ ಕೀ ಕೊಡುತ್ತಿರಲಿಲ್ಲ. ಅವನ ಆಫೀಸಿಗೆ ನಮ್ಮದೇ ಕಟ್ಟಡದ ಇನ್ನೊಬ್ಬರು ದಿನವೂ ಕಾರಿನಲ್ಲಿ ಹೋಗುತ್ತಿದ್ದರು. ಇವನೂ ಅವರ ಜೊತೆಗೆ ಹೋಗಬಹುದಿತ್ತು.

"ಕೊಡುದಿಲ್ಲ ಅಂತ ಹೇಳ್ಲಿಲ್ಲ. ಸ್ವಲ್ಪ ಪ್ರಾಕ್ಟೀಸ್ ಆಗ್ಲಿ," ಎನ್ನುತ್ತಿದ್ದ.

"ಕಾರು ಕೊಡದೆ ಪ್ರಾಕ್ಟೀಸ್ ಎಲ್ಲಿಂದ ಆಗ್ಬೇಕು? ಸೋಫಾದ ಮೇಲೆ ಕೂತ್ಕೊಂಡಾ?"

"ಅದಕ್ಕೇ ಹೇಳುದು, ಅರ್ಜೆಂಟ್ ಮಾಡ್ಬೇಡ ಅಂತ."

ಈ ಮಾತು ನಮ್ಮ ಮನೆಯಲ್ಲಿ ಎಷ್ಟು ಸಲ ನಡೆಯಿತೋ ಗೊತ್ತಿಲ್ಲ. ನೆನಪಿನಲ್ಲಿ ಎಲ್ಲ ಸಲವೂ ಸೇರಿ ಒಂದೇ ಆಗಿದೆ, ಮತ್ತು ಎಲ್ಲ ಸಲವೂ ಅವನು ಮೊಸರನ್ನ ಕಲಸುತ್ತಿದ್ದಾನೆ. ಎಲ್ಲ ಸಲವೂ ಮೊಸರನ್ನ ಇದ್ದಿರಲಾರದು.

ಭಾವನ ವಿಷಯ ಹೇಳಬೇಕು. ಅವನು ಮಸ್ಕತ್ತಿನಿಂದ ದೂರದ ಬಂದರು ದುಕ್ಮಿನಲ್ಲಿ ಎಂಜಿನಿಯರ್. ಹೆಂಡತಿ ಮಕ್ಕಳನ್ನು ಮಂಗಳೂರಿನಲ್ಲಿ ಬಿಟ್ಟ ಮನುಷ್ಯನಿಗೆ ಎರಡೇ ಸೀಟಿನ ಕಾರು. ಎರಡನೆಯ ಸೀಟಿನಲ್ಲಿ ಯಾವಾಗಲೂ ಸೈಟಿನ ಹೆಲ್ಮೆಟ್ಟು ಕೂತಿರುತ್ತಿತ್ತು. ಒಮಾನ್ ಬಿಟ್ಟು ಹೊರಟಿದ್ದ ಯಾವನೋ ಇಂಗ್ಲಿಷಿನವನಿಂದ ಅದನ್ನು ಕೊಂಡವನು, ಮೊದಲ ವಾರವೇ ಪಾದ್ರಿಗಳಿಂದ ಆಶೀರ್ವಾದ ಮಾಡಿಸಿ ಕನ್ನಡಿಗೆ ಜಪಸರ ತೂಗುಹಾಕಿದ್ದ. ಆ ವರ್ಷ ಕಂಪನಿ ಅವನನ್ನು ಚಳಿಗಾಲದ ಅಷ್ಟೂ ತಿಂಗಳು ನಾರ್ವೆಗೆ ಕಳಿಸಿತು, ಯಾವುದೋ ಪಂಪುಗಳ ತರಬೇತಿಗೆ. ದುಕ್ಮಿನ ಉಪ್ಪುಗಾಳಿಯಲ್ಲಿ ಕಾರು ಹಾಳಾಗುತ್ತದೆಂದು ನಮ್ಮಲ್ಲಿ ಬಿಟ್ಟ. ಅಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಆದರೆ ನಾರ್ವೆಯಲ್ಲಿ ಅವನ ಜೊತೆ ಕೆಲಸ ಮಾಡುವವನೊಬ್ಬನ ಹತ್ತಿರವೂ ಸ್ಪೋರ್ಟ್ಸ್ ಕಾರಿತ್ತು. ಅಲ್ಲಿ ಹಿಮ ಬೀಳುವುದರಿಂದ ಅಂಥ ಕಾರುಗಳನ್ನು ಚಳಿಗಾಲ ಪೂರ್ತಿ ಕಟ್ಟಿಡುತ್ತಾರೆ. ಅದಕ್ಕೊಂದು ಕ್ರಮವಿದೆ. ಆ ಮನುಷ್ಯ ತನ್ನ ಶೆಡ್ಡಿನಲ್ಲಿ ಮಾಡಿದ್ದನ್ನೆಲ್ಲ ಭಾವ ವಿಡಿಯೋ ತೆಗೆದು ನನ್ನ ಗಂಡನಿಗೆ ಕಳಿಸತೊಡಗಿದ.

"ಅಣ್ಣ, ಇಲ್ಲಿ ಹಿಮ ಇಲ್ಲ ಅಲ್ವಾ?" ಎಂದು ಗಂಡ ಕೇಳಿದ್ದು ನಾನೇ ಕೇಳಿಸಿಕೊಂಡಿದ್ದೇನೆ.

"ಹಿಮಕ್ಕಲ್ಲ ಮಾರಾಯ, ಇದು ಸ್ಟ್ಯಾಂಡರ್ಡ್ ಪ್ರೊಸೀಜರ್. ನೀನು ಆಫೀಸಲ್ಲಿ ಪ್ರೊಸೀಜರ್ ಫಾಲೋ ಮಾಡುದಿಲ್ವಾ?"

ಅಲ್ಲಿಂದ ಮುಂದಿನದು ಕೊಂಕಣಿಯಲ್ಲಿ ನಡೆಯಿತು. ನಾನು ಉಡುಪಿಯ ಪ್ರೊಟೆಸ್ಟೆಂಟ್. ನನ್ನ ಮನೆಮಾತು ತುಳು ಬೆರೆಸಿದ ಕನ್ನಡ. ಮದುವೆಯಾದಂದಿನಿಂದ ಈ ಮನೆಯಲ್ಲಿ ಕನ್ನಡವೇ ನಡೆಯುತ್ತದೆ, ಅಣ್ಣ ತಮ್ಮಂದಿರಿಗೆ ನನ್ನನ್ನು ಹೊರಗಿಡಬೇಕೆನಿಸುವವರೆಗೆ. ಹಾಗನ್ನಿಸಿದ ತಕ್ಷಣ ಕೊಂಕಣಿಗೆ ಇಳಿಯುತ್ತಾರೆ. ಇಷ್ಟು ವರ್ಷವಾದ ಮೇಲೆ ನನಗೆ ಎಲ್ಲ ಅರ್ಥವಾಗುತ್ತದೆ ಎನ್ನುವುದು ಅವರಿಬ್ಬರಿಗೂ ಗೊತ್ತಿದೆ. ಆದರೂ ಇಳಿಯುತ್ತಾರೆ. ಅವತ್ತು ಭಾವ ಹೇಳಿದ್ದು: ಕೀ ನಿನ್ನ ಹತ್ತಿರವೇ ಇಟ್ಟುಕೋ, ಅವಳ ಕೈಗೆ ಸಿಗದ ಹಾಗೆ.

ಗಂಡ ಪ್ರೊಸೀಜರ್ ಶುರುಮಾಡಿದ. ಹತ್ತಿರದ ವಾದಿ ಕಬೀರ್ ಬಡಾವಣೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದ. ಗಡ್ಡದ ಅಂಗಡಿಯವನು ಎಂಜಿನ್ನಿನ ನೀರು ಹೆಪ್ಪುಗಟ್ಟದಂತೆ ಹಾಕುವ ದ್ರವವನ್ನು ಮೇಜಿನ ಮೇಲಿಟ್ಟು, ಗಂಡನ ಮುಖ ನೋಡಿ ಕೇಳಿದ, "ಭಾಯ್, ಬರ್ಫ್ ಕಹಾಂ ಗಿರೇಗಾ? ಮತ್ರಾ ಮೇ?" ಪಕ್ಕದ ಮತ್ರಾ ಪೇಟೆಯಲ್ಲಿ ಹಿಮ ಬೀಳುವುದನ್ನು ನೆನೆದು ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಗಂಡ ಡಬ್ಬಿ ಎತ್ತಿಕೊಂಡು ಹೊರಗೆ ನಡೆದ. ದಾರಿಯುದ್ದಕ್ಕೂ ಮಾತಾಡಲಿಲ್ಲ. ಇಲ್ಲ, ಒಂದು ಮಾತಾಡಿದ: "ನಿನಗೆ ನಗುದೊಂದೇ ಗೊತ್ತು."

ಆಮೇಲೆ ಕಾರನ್ನು ಜಾಕ್ ಹಾಕಿ ಎತ್ತಿ, ಟೈರು ಚಪ್ಪಟೆಯಾಗದಂತೆ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದ. ಇಲಿ ನುಗ್ಗದಂತೆ ಹೊಗೆ ಕೊಳವೆಗೆ ಹಳೆಯ ಬನಿಯನ್ ತುರುಕಿದ. ಬಾನೆಟ್ಟಿನೊಳಗೆ ನುಸಿಗುಳಿಗೆ ಇಟ್ಟ, ನನ್ನ ರೇಷ್ಮೆ ಸೀರೆಗಳ ನಡುವಿನಿಂದ ತೆಗೆದು. ಮೇಲೆ ಬೆಳ್ಳಿಬಣ್ಣದ ಹೊದಿಕೆ ಎಳೆದು ಹಗ್ಗ ಬಿಗಿದ. ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ತಂದ. ಬಾಲ್ಕನಿಯಲ್ಲಿ ಬಿಸಿಲು, ಅಡುಗೆಮನೆಯಲ್ಲಿ ಗ್ಯಾಸು, ಹಾಲಿನಲ್ಲಿ ಜಾಗವಿಲ್ಲ. ಹಾಗಾಗಿ ಅದು ನಮ್ಮ ಮಲಗುವ ಕೋಣೆಗೆ, ಮಂಚದ ನನ್ನ ಬದಿಗೆ ಬಂತು. ಚಾರ್ಜರಿಗೆ ಸಿಕ್ಕಿಸಿ ಇಟ್ಟಿದ್ದ. ಹಸಿರು ದೀಪವೊಂದು ಮಿಟುಕಿ ಮಿಟುಕಿ ಆ ಕಾರಿನ ಆರೋಗ್ಯ ಚೆನ್ನಾಗಿದೆ ಎಂದು ನನಗೆ ತಿಳಿಸುತ್ತಿತ್ತು. ಬೆಳಿಗ್ಗೆ ಮಂಚದಿಂದ ಕಾಲು ಇಳಿಸಿದರೆ ಮೊದಲು ತಾಗುತ್ತಿದ್ದುದು ಅದೇ.

ಮನೆಯಲ್ಲಿ ಗೇರಿನ ಲೈಸೆನ್ಸ್ ಇದ್ದವಳು ನಾನೊಬ್ಬಳೇ. ಕೆಳಗೆ ಗೇರಿನ ಕಾರು ಸುಮ್ಮನೆ ನಿಂತಿದೆ. ಡಿಸೆಂಬರ್ ಸವೆಯುತ್ತಿದೆ. ಹೆದ್ದಾರಿಗೆ ಬೇಕಾದ ಧೈರ್ಯ ದಿನದಿನಕ್ಕೆ ನನ್ನ ಕೈಕಾಲಿನಿಂದ ಇಳಿದು ಹೋಗುತ್ತಿದೆ. ಕಿಟಕಿಯಿಂದ ನೋಡಿದರೆ ಆ ಬೆಳ್ಳಿ ಗುಡ್ಡ ಹೆಣದ ಹಾಗೆ ಮಲಗಿರುತ್ತಿತ್ತು. ಒಂದು ದಿನ ಅದರ ಮೇಲೆ ಬೆಕ್ಕು ಮರಿ ಹಾಕಿರುವುದನ್ನು ಕಂಡು ನನಗಾದ ಸಂತೋಷ ಸಣ್ಣದಲ್ಲ.

ಆ ಬಯಲು ಯಾರ ಸ್ವಂತದ್ದೂ ಅಲ್ಲ, ಸಾರ್ವಜನಿಕ ಜಾಗ. ಸುತ್ತಲಿನ ಕಟ್ಟಡಗಳವರೆಲ್ಲ ಅಲ್ಲೇ ಕಾರು ನಿಲ್ಲಿಸುತ್ತಾರೆ. ಧೂಳು ಹಿಡಿದು ಬಹಳ ದಿನ ಕದಲದ ಕಾರನ್ನು ಕಂಡರೆ ನಗರಪಾಲಿಕೆಯವರು ಯಾರೋ ಬಿಟ್ಟುಹೋದದ್ದೆಂದು ನೋಟಿಸ್ ಅಂಟಿಸುತ್ತಾರೆ, ಆಮೇಲೆ ಎತ್ತಿಕೊಂಡು ಹೋಗುತ್ತಾರೆ. ಊರು ಬಿಟ್ಟು ಓಡಿಹೋದವರ ಕಾರುಗಳಿಗೆ ಇಲ್ಲಿ ಹೀಗಾಗುತ್ತಲೇ ಇರುತ್ತದೆ. ಎಲ್ಲರೂ ಕಾರು ಹತ್ತಿ ವಾದಿಗೆ ಹೋಗುವ ಕಾಲದಲ್ಲಿ, ನೆಲ ಬಿಟ್ಟು ಎತ್ತಿ, ಹೊದಿಕೆ ಹಾಕಿ ಹಗ್ಗ ಬಿಗಿದ ಕಾರು. ಅದರ ಮೇಲೆ ಬೆಕ್ಕಿನ ಸಂಸಾರ. ಅವರದೇನೂ ತಪ್ಪಿಲ್ಲ. ಒಂದು ಬುಧವಾರ ನೋಟಿಸ್ ಬಿತ್ತು. ಬೇಗ ತೆಗೆಯದಿದ್ದರೆ ಎತ್ತುತ್ತೇವೆ ಎಂದು.

ಗಂಡ ಅದನ್ನು ಫೋಟೋ ತೆಗೆದು ನಾರ್ವೆಗೆ ಕಳಿಸಿದ. ಭಾವ ತಕ್ಷಣ ವಿಡಿಯೋ ಕಾಲ್ ಮಾಡಿದ. ಉಣ್ಣೆ ಟೋಪಿ, ಕೆಂಪು ಮೂಗು. "ಯಾರು ಹೇಳಿದ್ದು ನಿನಗೆ ಓಪನ್ ಜಾಗದಲ್ಲಿ ಸ್ಟ್ಯಾಂಡ್ ಹಾಕ್ಲಿಕ್ಕೆ?"

"ನೀನೇ ಅಲ್ವಾ ಅಣ್ಣ, ವಿಡಿಯೋ..."

"ವಿಡಿಯೋದಲ್ಲಿ ಶೆಡ್ ಉಂಟು ಮಾರಾಯ! ಕಣ್ಣು ಕಾಣುದಿಲ್ವಾ?"

ಶೆಡ್ ಹುಡುಕಿದೆವು. ವಾದಿ ಕಬೀರಿನಲ್ಲಿ ಅಕ್ಕಿ ಬೇಳೆಯ ಗೋದಾಮು ಇರುವ ಬ್ಯಾರಿ ವ್ಯಾಪಾರಿಯೊಬ್ಬರು ನಮಗೆ ಪರಿಚಯ, ಬಂಟ್ವಾಳದ ಕಡೆಯವರು. ನಾನೇ ಫೋನ್ ಮಾಡಿದೆ. ಅವರು ದೂರದ ಬುರೈಮಿ ಊರಿಗೆ ಹೋಗಿದ್ದರು.

"ಜಾಗ ಉಂಟು ಅಕ್ಕ, ಕೆಲಸದವನ ಹತ್ರ ಬಾಗಿಲು ತೆಗೆಸ್ತೇನೆ. ಆದ್ರೆ ನಿಮ್ಮ ಭಾವನಿಗೆ ಹೇಳಿ, ಕಾರಿಗೆ ಅಕ್ಕಿಧೂಳು ಬಿತ್ತು ಅಂತ ಮತ್ತೆ ನನ್ನತ್ರ ಜಗಳಕ್ಕೆ ಬರ್ಬಾರ್ದು. ನಾನು ಮೊದಲು ಅಕ್ಕಿಯವನು, ಮತ್ತೆ ಫ್ರೆಂಡು."

ಜಾಗವೇನೋ ಆಯಿತು. ಕಾರು ಅಲ್ಲಿಗೆ ಹೋಗುವುದು ಹೇಗೆ? ಗುರುವಾರ ರಿಕವರಿ ಗಾಡಿ ಕರೆಸಿದೆವು, ಕೆಟ್ಟ ಕಾರುಗಳನ್ನು ಹೊತ್ತುಕೊಂಡು ಹೋಗುವ ಲಾರಿ. ಡ್ರೈವರ್ ಪಠಾಣ. ಹೊದಿಕೆ ತೆಗೆದು ಬಗ್ಗಿ ನೋಡಿದ. ಕಾರಿನ ಮೂತಿ ನೆಲಕ್ಕೆ ತೀರ ಹತ್ತಿರ. ಹಲಗೆ ಹತ್ತಿಸುವಾಗ ಮುಂಭಾಗ ಉಜ್ಜುತ್ತದೆ, ಜವಾಬ್ದಾರಿ ನನ್ನದಲ್ಲ ಎಂದ. ವಿಡಿಯೋದಲ್ಲಿ ನೋಡುತ್ತಿದ್ದ ಭಾವ ಎತ್ತಬೇಡ, ಮುಟ್ಟಬೇಡ ಎಂದು ಫೋನಿನೊಳಗಿನಿಂದ ಕೂಗಿಕೊಂಡ, "ಮತ್ ಉಠಾವೋ! ಹಾಥ್ ಮತ್ ಲಗಾವೋ!" ಪಠಾಣ ಫೋನಿನತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿ, "ಖಲಾಸ್," ಎಂದು ಗಾಡಿ ಹತ್ತಿ ಹೋದ.

ಹಮ್ರಿಯಾದಲ್ಲಿ ಗೇರಿನ ಕಾರು ಓಡಿಸುವ ಗಂಡಸರಿಗೆ ಬರವಿಲ್ಲ. ಯಾರನ್ನಾದರೂ ಕರೆಯೋಣ ಎಂದು ಗಂಡ ಹೇಳಿದ.

"ಹೊರಗಿನವರ ಕೈಗೆ ಕೊಡ್ಬೇಡ," ಎಂದ ಭಾವ.

"ಮತ್ತೆ ಇವಳೇ ಉಂಟಲ್ಲ," ಎಂದ ಗಂಡ. ಧೈರ್ಯದಿಂದ ಹೇಳಿದ್ದೋ, ಬಾಯಿ ತಪ್ಪಿ ಬಂದದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಧೈರ್ಯದಿಂದ ಎನ್ನುತ್ತಾನೆ. ಕೇಳಬಾರದಿತ್ತು.

ಭಾವ ಫೋನಿಟ್ಟ. ಹೊರಗಿನವರೋ ನಾನೋ ಎಂದು ತೀರ್ಮಾನಿಸಲು ಅವನಿಗೆ ಆ ದಿನವೆಲ್ಲ ಹಿಡಿಯಿತು. ಸಂಜೆ ಮೆಸೇಜ್ ಬಂತು, ನನಗಲ್ಲ, ಗಂಡನಿಗೆ: ಶುಕ್ರವಾರ ಬೆಳಿಗ್ಗೆ, ರಸ್ತೆ ಖಾಲಿ ಇರುವಾಗ. ಸೆಕೆಂಡ್ ಗೇರಿನ ಮೇಲೆ ಹೋಗಬಾರದು. ವಿಡಿಯೋ ಕಾಲ್ ಆನ್ ಇರಬೇಕು.

ಶುಕ್ರವಾರ ಬೆಳಿಗ್ಗೆ ಬೆಕ್ಕಿನ ಮರಿಗಳನ್ನು ರಟ್ಟಿನ ಡಬ್ಬಿಗೆ ದಾಟಿಸಿ, ಬ್ಯಾಟರಿ ಜೋಡಿಸಿ, ಬನಿಯನ್ ಎಳೆದು ತೆಗೆದು, ಕಾರನ್ನು ನೆಲಕ್ಕಿಳಿಸಿದೆವು. ನಾನು ಕೂತೆ. ಕೂತೆ ಎನ್ನುವುದು ಸರಿಯಲ್ಲ, ಬಿದ್ದೆ. ಆ ಸೀಟು ನೆಲಕ್ಕೆ ಅಂಟಿಕೊಂಡಂತಿದೆ. ಬಾವಿಯೊಳಗಿನಿಂದ ರಸ್ತೆ ನೋಡಿದ ಹಾಗೆ. ಸ್ಟಾರ್ಟ್ ಮಾಡಿದಾಗ ನುಸಿಗುಳಿಗೆಯ ವಾಸನೆ ಏಸಿಯಿಂದ ಹೊರಬಂತು, ಮದುವೆ ಮನೆಯ ಹಾಗೆ.

ಇಲ್ಲಿ ನನ್ನ ಮತ್ತು ಗಂಡನ ನೆನಪುಗಳು ಬೇರೆಯಾಗುತ್ತವೆ. ನಾನು ಒಂದೇ ಸಲಕ್ಕೆ ಹೊರಟೆ ಎಂದು ನನ್ನ ನೆನಪು. ಬಯಲಿನಲ್ಲೇ ಎರಡು ಸಲ ಎಂಜಿನ್ ಆಫ್ ಮಾಡಿದೆ ಎಂದು ಅವನದು. ಅವನದು ಸರಿಯಿರಬಹುದು, ಎರಡು ಸಲ ಯಾರೋ "ಅಯ್ಯೋ ದೇವ್ರೇ" ಎಂದದ್ದು ಮಾತ್ರ ನನಗೂ ಕೇಳಿಸುತ್ತದೆ. ಪಕ್ಕದಲ್ಲಿ ಕೂತ ಅವನ ಕೈಯಲ್ಲಿ ಫೋನು, ಫೋನಿನಲ್ಲಿ ಭಾವ, ಕೊಂಕಣಿಯವರ ರೂಢಿಯಂತೆ ನನ್ನನ್ನು ಬಾಯೇ ಎಂದು ಕರೆಯುವವನು. "ಕ್ಲಚ್! ಕ್ಲಚ್ ಪೂರ್ತಿ! ಬಾಯೇ, ಸೌಂಡ್ ಕೇಳು, ಸೌಂಡ್! ಗೇರ್ ಅಳ್ತಾ ಉಂಟು!" ರೂವಿ ಕಡೆಯ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಕಾರಿನ ಇಬ್ಬರು ಗಂಡಸರು ಎಂಜಿನ್ ಗುರುಗುಟ್ಟಿಸಿ ಪಂದ್ಯಕ್ಕೆ ಕರೆದರು. ಆಮೇಲೆ ಬಗ್ಗಿ ನೋಡಿ, ಚೂಡಿದಾರದ ದುಪಟ್ಟಾ ಕತ್ತಿಗೆ ಸುತ್ತಿಕೊಂಡ ನಡುವಯಸ್ಸಿನ ಹೆಂಗಸನ್ನು ಕಂಡು ಮುಖ ತಿರುಗಿಸಿದರು.

"ಸಿಗ್ನಲ್ ಏರಲ್ಲಿ ಉಂಟು, ಹಿಂದೆ ಹೋಗ್ತದೆ! ಅವಳಿಗೆ ಹ್ಯಾಂಡ್ ಬ್ರೇಕ್ ಹೇಳು! ಅವಳಿಗೆ ಹೇಳು!"

ಅವಳಿಗೆ. ನಾನು ಕೈಚಾಚಿ ಫೋನಿನ ಕೆಂಪು ಗುಂಡಿ ಒತ್ತಿದೆ. ನೆಟ್‌ವರ್ಕ್ ಹೋಯಿತು ಎಂದು ಗಂಡ ಈಗಲೂ ಹೇಳುತ್ತಾನೆ, ಭಾವನ ಹತ್ತಿರವೂ ಹಾಗೇ ಹೇಳಿದ್ದಾನೆ. ನೆಟ್‌ವರ್ಕ್ ಚೆನ್ನಾಗಿತ್ತು.

ಹಸಿರು ಬಿತ್ತು. ಕಾರು ಹಿಂದೆ ಹೋಗಲಿಲ್ಲ. ಸೆಕೆಂಡ್, ಥರ್ಡ್. ಥರ್ಡಿಗೆ ಹಾಕಿದಾಗ ಗಂಡ ನನ್ನ ಕೈ ನೋಡಿದ. ಈ ಜಾಗದಲ್ಲಿ ನನಗೆ ಬಹಳ ಆನಂದವಾಯಿತು ಎಂದು ಬರೆದರೆ ಓದುವವರಿಗೆ ಹಿತ. ಆನಂದವಾಗಲಿಲ್ಲ. ಸೊಂಟ ನೋಯುತ್ತಿತ್ತು, ಕ್ಲಚ್ಚು ಕಲ್ಲಿನಷ್ಟು ಗಟ್ಟಿ, ಲಾರಿಯ ಚಕ್ರಗಳು ಕಣ್ಣಿನ ಮಟ್ಟಕ್ಕೆ ಉರುಳುತ್ತಿದ್ದವು. ಇಂಥದ್ದನ್ನು ಅಷ್ಟು ಪ್ರೀತಿಯಿಂದ ಹೊದಿಸಿ ಮಲಗಿಸಿದರಲ್ಲ ಎಂದು ಸಿಟ್ಟು ಇನ್ನೂ ಹೆಚ್ಚಾಯಿತು. ವಾದಿ ಕಬೀರಿನ ಒಳರಸ್ತೆಯ ಉಬ್ಬಿನಲ್ಲಿ ಕಾರಿನ ಹೊಟ್ಟೆ ಉಜ್ಜಿತು. ಚೆನ್ನಾಗಿಯೇ ಉಜ್ಜಿತು.

ಗೋದಾಮಿನಲ್ಲಿ ಬಾಸ್ಮತಿ ಮೂಟೆಗಳ ಮಧ್ಯೆ ಕಾರು ನಿಲ್ಲಿಸಿದೆ. ಗಂಡ ಬಗ್ಗಿ ಕೆಳಗೆ ನೋಡಿದ. ಎದ್ದು ಅಂಗೈ ಒರೆಸಿಕೊಂಡು, "ಏನಾಗ್ಲಿಲ್ಲ," ಎಂದ. ಮತ್ತೆ ಸ್ಟ್ಯಾಂಡ್ ಹಾಕಲು ಹೊರಟವನಿಗೆ ಬೇಡ ಎಂದೆ. ಬ್ಯಾಟರಿ ಬಿಚ್ಚಲು ಹೋದ. "ಅದು ಇನ್ನು ನನ್ನ ಕೋಣೆಗೆ ಬಂದ್ರೆ ನಾನು ಬರುದಿಲ್ಲ," ಎಂದೆ. ಬ್ಯಾಟರಿ ಅಲ್ಲೇ ಉಳಿಯಿತು.

ಟ್ಯಾಕ್ಸಿಯಲ್ಲಿ ಹಮ್ರಿಯಾಕ್ಕೆ ವಾಪಸಾದೆವು. ಬಯಲಿನಲ್ಲಿ ಅವನ ಬಿಳಿ ಆಟೋಮ್ಯಾಟಿಕ್ ನಿಂತಿತ್ತು. ನಾನು ಅದರ ಪಕ್ಕ ನಿಂತು ಕೈ ಚಾಚಿದೆ.

"ಎಂತ?"

"ಕೀ."

"ಈಗವಾ? ತಿಂಡಿ ಆಗ್ಲಿಲ್ಲ."

"ಸೀಬಲ್ಲಿ ತಿನ್ನುವ."

ಅವನು ಬಯಲಿನಲ್ಲಿ ಆಚೀಚೆ ನೋಡಿದ, ಯಾರಾದರೂ ಬಿಡಿಸಲು ಬರುತ್ತಾರೇನೋ ಎನ್ನುವ ಹಾಗೆ. ಆಮೇಲೆ ಕೀ ಕೊಟ್ಟ. ಹೆದ್ದಾರಿಯಲ್ಲಿ ಹೋಗುವಾಗಲೂ ಬರುವಾಗಲೂ ತಲೆಯ ಮೇಲಿನ ಹಿಡಿಕೆಯನ್ನು ಬಿಡದೆ ಕೂತಿದ್ದ. ನಾವು ಜಗಳ ಆಡಲಿಲ್ಲ. ಜಗಳಕ್ಕೆ ಬೇಕಾದಷ್ಟು ಉಸಿರು ಇಬ್ಬರಲ್ಲೂ ಇರಲಿಲ್ಲ. ಭಾನುವಾರ, ಇಲ್ಲಿ ವಾರದ ಮೊದಲ ಕೆಲಸದ ದಿನ, ಶಾಲೆಗೆ ಫೋನ್ ಮಾಡಿ ಬರುತ್ತೇನೆ ಎಂದೆ. ಜನವರಿಯಿಂದ ಬಿಳಿ ಕಾರು ನನ್ನ ಜೊತೆ ಸೀಬಿಗೆ ಹೋಯಿತು, ಗಂಡ ಕಟ್ಟಡದವರ ಕಾರಿನಲ್ಲಿ ಆಫೀಸಿಗೆ ಹೋದ.

ಏಪ್ರಿಲ್‌ನಲ್ಲಿ, ಇಲ್ಲಿ ಸೆಕೆ ಮೊದಲಾಗುವ ಹೊತ್ತಿಗೆ, ಭಾವ ಬಂದ. ಶನಿವಾರದ ಊಟಕ್ಕೆ ಅವನ ಇಬ್ಬರು ಗೆಳೆಯರನ್ನೂ ಕರೆದಿದ್ದೆವು. ನಾನು ಹಂದಿಮಾಂಸ ಬಡಿಸುತ್ತಿದ್ದೆ. ಒಬ್ಬರು ಕಾರಿನ ವಿಚಾರ ಕೇಳಿದರು. "ವಾದಿ ಕಬೀರಲ್ಲಿ ಗೋಡೌನಲ್ಲಿ ಉಂಟು," ಎಂದ ಭಾವ. "ರಿಕವರಿಯಲ್ಲಿ ಹಾಕಿಸಿದ್ದು. ನಾನು ಅಲ್ಲಿಂದಲೇ ವಿಡಿಯೋದಲ್ಲಿ ಹೇಳಿ ಹೇಳಿ ಹತ್ತಿಸಿದೆ. ಒಂದು ಗೀರು ಬೀಳ್ಲಿಲ್ಲ." ಅವನು ಸುಳ್ಳು ಹೇಳುತ್ತಿರುವ ಹಾಗೆ ಕಾಣಲಿಲ್ಲ. ಅವನಿಗೆ ಹಾಗೇ ನೆನಪಿತ್ತೆಂದು ನಾನು ನಂಬುತ್ತೇನೆ. ಅದು ಇನ್ನೂ ಕೆಟ್ಟದ್ದು. ನಾನು ಗಂಡನನ್ನು ನೋಡಿದೆ. ಅವನು ಇಡ್ಲಿಯಂಥ ಸನ್ನಾಣ ಮುರಿಯುತ್ತಿದ್ದ.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಭಾವ ಬಾಗಿಲಲ್ಲಿ ನಿಂತಿದ್ದ. "ಬಾಯೇ, ನನ್ನನ್ನು ಗೋಡೌನ್ ಹತ್ರ ಬಿಟ್ಟು ಹೋಗ್ತೀಯಾ?" ಸೀಬಿಗೆ ಅದು ಪೂರ್ತಿ ಉಲ್ಟಾ ದಾರಿ. ಗಂಡ ಹಿಂದಿನಿಂದ ಕಣ್ಣಲ್ಲೇ ಬೇಡಿಕೊಂಡ. ಕರೆದುಕೊಂಡು ಹೋದೆ. ಭಾವ ಹಿಂದಿನ ಬಾಗಿಲು ತೆಗೆದ.

"ಮುಂದೆ ಬನ್ನಿ ಭಾವ. ಇದು ಟ್ಯಾಕ್ಸಿ ಅಲ್ಲ."

ಮುಂದೆ ಬಂದ. ದಾರಿಯಲ್ಲಿ ಅವನ ಬಲಗಾಲು ತನ್ನಷ್ಟಕ್ಕೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಗೋದಾಮಿನಲ್ಲಿ ಕಾರು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಸತ್ತಿತ್ತು. ಗೋದಾಮಿನವನು ಎಲ್ಲಿಂದಲೋ ಕೇಬಲ್ ತಂದುಕೊಟ್ಟ. ನನ್ನ ಕಾರನ್ನು ಮೂಟೆಗಳ ನಡುವೆ ಮೂತಿಗೆ ಮೂತಿ ತಂದು ನಿಲ್ಲಿಸಿದೆ. ಭಾವ ಎರಡೂ ಬಾನೆಟ್ ತೆಗೆದು ಕೇಬಲ್ ಸಿಕ್ಕಿಸಿದ. ಚಾರ್ಜ್ ಏರುವವರೆಗೆ ಕಾಯಬೇಕಿತ್ತು. ನಾನು ನನ್ನ ಕಾರಿನೊಳಗೆ, ಅವನು ಅಕ್ಕಿಮೂಟೆಯ ಮೇಲೆ. ತನ್ನ ಕಾರಿನ ಹಿಂದೆ ಮುಂದೆ ಕಣ್ಣಾಡಿಸಿ, ನನಗೆ ಕೇಳಿಸಲೆಂದೇ ಹೇಳಿದ, "ರಿಕವರಿಯವ ಪರವಾಗಿಲ್ಲ. ಚಂದ ಮಾಡಿ ತಂದು ಇಟ್ಟಿದ್ದಾನೆ."

ನಾನು ಗಾಜು ಇಳಿಸಿದೆ. "ಆ ರಿಕವರಿಯವಳಿಗೆ ಎಂಟು ಗಂಟೆಗೆ ಸೀಬಲ್ಲಿ ಆಫೀಸುಂಟು ಭಾವ. ಬೇಗ ಮುಗಿಸಿ."

ಅವನು ಎದ್ದು ಹೋಗಿ ಕೀ ತಿರುಗಿಸಿದ. ಎರಡನೆಯ ಸಲಕ್ಕೆ ಹಿಡಿಯಿತು. ಆ ಗದ್ದಲದಲ್ಲಿ ಅವನು ಏನೋ ಹೇಳಿದ, ಕೊಂಕಣಿಯಲ್ಲೋ ಕನ್ನಡದಲ್ಲೋ ತಿಳಿಯಲಿಲ್ಲ, ನಾನು ಕೇಳಲೂ ಇಲ್ಲ. ಕೇಬಲ್ ಬಿಡಿಸಿ ಬಾನೆಟ್ ಮುಚ್ಚಿದ ಕೂಡಲೇ ನಾನು ರಿವರ್ಸ್ ಹಾಕಿದೆ. ಅವನು ಓಡಿಬಂದು, "ಲೆಫ್ಟ್, ಲೆಫ್ಟ್, ಮೂಟೆ ಉಂಟು, ಇನ್ನೂ ಲೆಫ್ಟ್!" ಎಂದು ಎರಡೂ ಕೈ ಬೀಸತೊಡಗಿದ. ನಾನು ಕನ್ನಡಿ ನೋಡಿಕೊಂಡು ಬಲಕ್ಕೆ ತಿರುಗಿಸಿದೆ, ಬಾಗಿಲು ಆ ಕಡೆ ಇತ್ತು.